ಸವಾರ: ಹೊತ್ತವರು ಯಾರು?

‘ಸವಾರ’ ಎಂಬ ಮಾತು ಇವತ್ತಿನ ಕನ್ನಡ ಪತ್ರಿಕೆಗಳಲ್ಲಿ ಹೆಚ್ಚಾಗಿ ಸಿಗುವುದು ಅಪಘಾತದ ಸುದ್ದಿಯಲ್ಲಿ. ಬೈಕ್ ಸವಾರ, ಹಿಂಬದಿ ಸವಾರ, ಹೆಲ್ಮೆಟ್ ಇಲ್ಲದ ಸವಾರ. ಪೆಟ್ರೋಲಿನ ಗಾಡಿಗೆ ಈ ಪದ ಎಷ್ಟು ಒಗ್ಗಿಹೋಗಿದೆಯೆಂದರೆ, ನಿಜವಾಗಿ ಕುದುರೆಯ ಮೇಲೆ ಕೂತವರನ್ನು ಹೇಳಬೇಕಾದಾಗ ‘ಕುದುರೆ ಸವಾರ’ ಎಂದು ಬಿಡಿಸಿ ಹೇಳಬೇಕಾಗುತ್ತದೆ. 2021ರ ಜುಲೈ ಕೊನೆಗೆ ನಮ್ಮ ಕ್ರೀಡಾಪುಟಗಳು ಹಾಗೆ ಬಿಡಿಸಿ ಹೇಳಿದವು. ಬೆಂಗಳೂರಿನಲ್ಲಿ ಹುಟ್ಟಿದ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸ್‌ನ ಇವೆಂಟಿಂಗ್ ಕಣಕ್ಕೆ ಇಳಿದಿದ್ದರು. ಸಿಡ್ನಿಯಲ್ಲಿ ಇಮ್ತಿಯಾಜ್ ಅನೀಸ್ ಸ್ಪರ್ಧಿಸಿದ ಮೇಲೆ ಇಪ್ಪತ್ತು ವರ್ಷ ಭಾರತದವರು ಯಾರೂ ಆ ಕಣದಲ್ಲಿ ಇರಲಿಲ್ಲ. ಮಿರ್ಜಾ ಅವರನ್ನು ಕೆಲವರು ‘ಅಶ್ವಾರೋಹಿ’ ಎಂದರು, ಕೆಲವರು ‘ಕುದುರೆ ಸವಾರ’ ಎಂದರು. ಎರಡೂ ಒಂದೇ ಎಂದುಕೊಂಡು ನಾವು ಓದಿಕೊಂಡು ಹೋದೆವು. ಆದರೆ ಒಂದೊಂದರ ಬೇರು ಒಂದೊಂದು ಕಡೆಗಿದೆ. ಆ ಆಟಕ್ಕೆ ಹೊಂದುವ ಬೇರು ‘ಸವಾರ’ದ್ದು.

ಇರಾನಿನ ನಕ್ಷ್-ಎ-ರುಸ್ತಮ್‌ನಲ್ಲಿ ಬಂಡೆ ಕೊರೆದು ಮಾಡಿದ ಸಮಾಧಿಗಳಿವೆ. ಅವುಗಳಲ್ಲೊಂದು ಕ್ರಿ.ಪೂ. 486ರಲ್ಲಿ ತೀರಿಕೊಂಡ ದಾರಿಯಸ್ ದೊರೆಯದು. ಅಲ್ಲಿನ ಶಾಸನದಲ್ಲಿ ಅವನು ತನ್ನ ಗುಣಗಳನ್ನು ತಾನೇ ಹೇಳಿಕೊಳ್ಳುತ್ತಾನೆ. ತಾನು ಒಳ್ಳೆಯ ಬಿಲ್ಲುಗಾರ, ಒಳ್ಳೆಯ ಈಟಿಗಾರ, ಕಾಲ್ನಡೆಯಲ್ಲೂ ಕುದುರೆಯ ಮೇಲೂ ಎರಡನ್ನೂ ಬಲ್ಲವನು. ಜೊತೆಗೆ ತಾನು ಒಳ್ಳೆಯ ‘ಅಸಬಾರ’ ಎನ್ನುತ್ತಾನೆ. ನಮ್ಮ ಸವಾರನ ಮುತ್ತಜ್ಜ ಈ ಅಸಬಾರ. ಪದವನ್ನು ಬಿಡಿಸಿದರೆ ಕನ್ನಡದವರಿಗೆ ಎರಡು ತುಂಡುಗಳೂ ಗುರುತು ಸಿಗುತ್ತವೆ. ‘ಅಸ’ ಎಂದರೆ ಕುದುರೆ. ಸಂಸ್ಕೃತದ ‘ಅಶ್ವ’ಕ್ಕೆ ಒಡಹುಟ್ಟು. ‘ಬಾರ’ ಹುಟ್ಟಿದ್ದು ಹೊರು ಎಂಬರ್ಥದ ಧಾತುವಿನಿಂದ. ನಾವು ದಿನವೂ ಆಡುವ ‘ಭಾರ’ಕ್ಕೆ ದಾಯಾದಿ. ಕೂಡಿಸಿದರೆ ಬರುವ ಅರ್ಥ, ಕುದುರೆಯಿಂದ ಹೊರಲ್ಪಟ್ಟವನು. ಕುದುರೆಯ ಬೆನ್ನ ಮೇಲಿನ ಹೊರೆ ಎಂದರೂ ಆದೀತು. ಆ ಕಾಲದ ದೊಡ್ಡ ಚಕ್ರವರ್ತಿ ಹೆಮ್ಮೆಯಿಂದ ಕಡೆಸಿಕೊಂಡ ಬಿರುದಿನಲ್ಲಿ ಕೆಲಸವನ್ನೆಲ್ಲ ಮಾಡುತ್ತಿರುವುದು ಕುದುರೆ.

‘ಅಶ್ವಾರೋಹಿ’ಯಲ್ಲಿ ಹಾಗಿಲ್ಲ. ಆರೋಹಣ ಎಂದರೆ ಹತ್ತುವುದು. ಹತ್ತುವವನು ಮನುಷ್ಯ, ಹತ್ತಿಸಿಕೊಳ್ಳುವುದು ಕುದುರೆ. ನಮ್ಮ ಹಳಗನ್ನಡ, ನಡುಗನ್ನಡ ಬಲ್ಲ ಇನ್ನೊಂದು ಮಾತು ‘ರಾವುತ’. ಮಾವುತನ ಜೊತೆಗೆ ಪ್ರಾಸವಾಗಿ ಬರುವ ಈ ಪದ ‘ರಾಜಪುತ್ರ’ ಎಂಬುದು ಪ್ರಾಕೃತದಲ್ಲಿ ಸವೆದು ಆದದ್ದು. ಅದರಲ್ಲಿ ಹತ್ತುವುದೂ ಇಲ್ಲ, ಹೊರುವುದೂ ಇಲ್ಲ, ಹುಟ್ಟಿನ ಮಾತಷ್ಟೇ ಇದೆ. ಕುದುರೆಯ ಸೊಲ್ಲೇ ಇಲ್ಲ. ಕುದುರೆ ಇಟ್ಟುಕೊಳ್ಳಲು ಶಕ್ತಿಯಿದ್ದವರು ಅರಸುಮಕ್ಕಳು ಎಂಬ ಕಾಲದ ನೆನಪು ಅದು. ಇಲ್ಲಿ ಒಂದು ಸಂಗತಿ ನನಗೆ ಬಹಳ ಇಷ್ಟ. ಪರ್ಷಿಯನ್ನಿನ ‘ಮಿರ್ಜಾ’ ಕೂಡ ‘ಅಮೀರ್‌ಜಾದಾ’, ಅಂದರೆ ಅಮೀರನ ಮಗ ಎಂಬುದರ ಸವೆದ ರೂಪ. ಅರ್ಥದಲ್ಲಿ ಮಿರ್ಜಾ ಎಂದರೂ ರಾವುತ ಎಂದರೂ ಹೆಚ್ಚುಕಡಿಮೆ ಒಂದೇ. ಟೋಕಿಯೊದಲ್ಲಿ ಬೆಂಗಳೂರಿನ ಆ ಸ್ಪರ್ಧಿಯ ಹೆಸರಿನೊಳಗೇ ಒಬ್ಬ ರಾವುತ ಕೂತಿದ್ದ.

ಅಸಬಾರದ ದಾರಿ ಉದ್ದವಾದದ್ದು. ನಡು ಪರ್ಷಿಯನ್ನಿನಲ್ಲಿ ಅದು ‘ಅಸ್ವಾರ್’ ಆಯಿತು. ಸಾಸಾನಿ ದೊರೆಗಳ ಕಾಲದಲ್ಲಿ ಅಸ್ವಾರ್ ಎಂದರೆ ಬರೀ ಕುದುರೆ ಬಲ್ಲವನಲ್ಲ, ಮೈತುಂಬ ಕವಚ ತೊಟ್ಟ ಮೇಲ್ದರ್ಜೆಯ ಯೋಧ. ಆ ಸಾಮ್ರಾಜ್ಯ ಮುರಿದುಬಿದ್ದಾಗ ಅವರಲ್ಲಿ ಒಂದು ದೊಡ್ಡ ಗುಂಪು ಅರಬರ ಕಡೆ ಸೇರಿ ಬಸ್ರಾದಲ್ಲಿ ನೆಲೆಸಿತು. ಅರಬ್ಬಿ ಚರಿತ್ರಕಾರರು ಅವರನ್ನು ‘ಅಸಾವಿರಾ’ ಎಂದು ಕರೆದರು. ಸಂಸ್ಕೃತದಲ್ಲಿರುವ ‘ಅಶ್ವವಾರ’ ಎಂಬ ಪದವೂ ಈ ಇರಾನಿ ಮಾತಿಗೆ ತೊಡಿಸಿದ ಸಂಸ್ಕೃತದ ಅಂಗಿ ಇರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಪಂಜಾಬಿಯ ‘ಅಸವಾರ್’ನಲ್ಲಿ ಆ ಮೊದಲ ‘ಅ’ ಇವತ್ತಿಗೂ ಉಳಿದಿದೆ.

ಹೊಸ ಪರ್ಷಿಯನ್ನಿನಲ್ಲಿ ಅದು ಉಳಿಯಲಿಲ್ಲ. ಅಸ್ವಾರ್ ಹೋಗಿ ‘ಸವಾರ್’ ಆಯಿತು. ಕಳೆದುಹೋದದ್ದು ಒಂದೇ ಒಂದು ಸ್ವರ, ಆದರೆ ಕುದುರೆ ಇದ್ದದ್ದು ಅಲ್ಲೇ. ಕುದುರೆಯ ಪಾಲಿಗೆ ಆ ಪದದಲ್ಲಿ ಉಳಿದದ್ದು ಒಂದು ‘ಸ’ಕಾರ ಮಾತ್ರ, ಅದು ಕುದುರೆಯ ಗುರುತೆಂದು ಯಾರಿಗೂ ತಿಳಿಯಲಿಲ್ಲ. ಆಮೇಲೆ ಏನಾಯಿತು ನೋಡಿ. ಒಂಟೆ ಏರಿದವನು ‘ಶುತುರ್‌ಸವಾರ್’, ಆನೆ ಏರಿದವನು ‘ಫೀಲ್‌ಸವಾರ್’. ಕುದುರೆ ಏರಿದವನನ್ನು ಬೇರೆಯಾಗಿ ಹೇಳಲು ‘ಅಸ್ಬ್’, ಅಂದರೆ ಕುದುರೆ ಎಂಬ ಮಾತನ್ನು ಮತ್ತೆ ಮುಂದಕ್ಕೆ ಸೇರಿಸಿ ‘ಅಸ್ಬ್‌ಸವಾರ್’ ಎಂದರು. ಕುದುರೆ ಎರಡು ಸಲ ಬಂತು. ನಮ್ಮ ‘ಕುದುರೆ ಸವಾರ’ದ ಕಥೆಯೂ ಇದೇ. ಇವತ್ತಿನ ಇರಾನಿನಲ್ಲಿ ‘ಸವಾರಿ’ ಎಂದರೆ ಜನ ಓಡಾಡುವ ಕಾರು. ಬೈಕ್ ಸವಾರನೆಂಬ ಪ್ರಯೋಗ ನಮ್ಮವರ ಅಜ್ಞಾನವಲ್ಲ. ಕುದುರೆಯನ್ನು ಇಳಿಸಿಬಿಡುವ ಕೆಲಸ ಈ ಪದ ಕನ್ನಡಕ್ಕೆ ಬರುವ ಮೊದಲೇ ಮುಗಿದಿತ್ತು.

ಭಾರತದಲ್ಲಿ ಈ ಮಾತಿಗೆ ಲೆಕ್ಕದ ಪುಸ್ತಕದಲ್ಲಿ ಜಾಗ ಸಿಕ್ಕಿತು. ಅಕ್ಬರನ ಮನ್ಸಬ್‌ದಾರಿ ಪದ್ಧತಿಯ ‘ಜಾತ್’ ಮತ್ತು ‘ಸವಾರ್’ ಎಂಬ ಜೋಡಿಯನ್ನು ಶಾಲೆಯಲ್ಲಿ ಇತಿಹಾಸ ಓದಿದ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಜಾತ್ ಅಧಿಕಾರಿಯ ಸ್ಥಾನ, ಸವಾರ್ ಅವನು ಸಾಕಬೇಕಾದ ಕುದುರೆಯಾಳುಗಳ ಸಂಖ್ಯೆ. ಜಹಾಂಗೀರನ ಕಾಲಕ್ಕೆ ಅದಕ್ಕೆ ‘ದೋ ಅಸ್ಪ, ಸೇ ಅಸ್ಪ’ ಎಂಬ ವಿಶೇಷಣವೂ ಸೇರಿತು: ಎರಡು ಕುದುರೆಯವನು, ಮೂರು ಕುದುರೆಯವನು. ಒಂದೇ ಕುದುರೆ ದಿನವಿಡೀ ಹೊರಲಾರದು ಎಂಬ ಸತ್ಯ ಆ ಲೆಕ್ಕದೊಳಗಿದೆ. ಮರಾಠರಲ್ಲಿ ಸ್ವಂತ ಕುದುರೆ ತಂದವನು ‘ಸಿಲ್ಲೇದಾರ’, ಸರ್ಕಾರದ ಕುದುರೆ ಏರಿದವನು ‘ಬಾರ್ಗೀರ’. ಈ ಬಾರ್ಗೀರದಲ್ಲೂ ಅದೇ ‘ಬಾರ’ ಇದೆ. ಭಾರ ಹೊರುವ ಪ್ರಾಣಿಗೆ ಇದ್ದ ಹೆಸರು ಮೆಲ್ಲಗೆ ಅದರ ಮೇಲೆ ಕೂತವನಿಗೆ ಜಾರಿತು. ಹೊತ್ತವರ ಹೆಸರನ್ನು ಕೂತವರು ತೆಗೆದುಕೊಳ್ಳುವುದು ಹೀಗೆ. ಮೈಸೂರು ಸಂಸ್ಥಾನವೂ ಹತ್ತೊಂಬತ್ತನೆಯ ಶತಮಾನದಲ್ಲಿ ಸಿಲ್ಲೇದಾರ ಪಡೆಯನ್ನು ಇಟ್ಟುಕೊಂಡಿತ್ತು.

ದಖನ್ನಿನ ಸುಲ್ತಾನರ, ಮರಾಠರ, ಹೈದರ್-ಟಿಪ್ಪುಗಳ ಆಡಳಿತದ ಜೊತೆಗೆ ಜೀನು, ಲಗಾಮು, ರಿಕಾಪುಗಳೆಲ್ಲ ಕನ್ನಡಕ್ಕೆ ಇಳಿದವು, ಸವಾರನೂ ಬಂದ. ಮರಾಠಿಯ ಬಾಯಲ್ಲಿ ಸ್ವಲ್ಪ ಬಿಗಿಯಾಗಿ ‘ಸ್ವಾರ’, ‘ಸ್ವಾರಿ’ ಎಂದೂ ಆಯಿತು. ಕನ್ನಡದಲ್ಲಿ ‘ಸವಾರ’ನಿಗಿಂತ ‘ಸವಾರಿ’ಯೇ ಹೆಚ್ಚು ಬಲಿಯಿತು. ದೊರೆ ಪರಿವಾರ ಸಮೇತ ಹೊರಟರೆ ಸವಾರಿ, ಮಠಾಧೀಶರು ಊರಿಗೆ ಚಿತ್ತೈಸಿದರೆ ಸವಾರಿ. ದಾರಿಯಲ್ಲಿ ಸಿಕ್ಕ ಗೆಳೆಯನನ್ನು ‘ಎಲ್ಲಿಗೆ ಹೊರಟಿತು ಸವಾರಿ?’ ಎಂದು ಕೇಳಿದರೆ, ಬರಿಗಾಲಲ್ಲಿ ನಡೆಯುತ್ತಿದ್ದವನಿಗೂ ಗಳಿಗೆಯ ಮಟ್ಟಿಗೆ ಒಂದು ದೊರೆತನ ಬರುತ್ತದೆ. ಅಜ್ಜನ ಬೆನ್ನೇರಿದ ಮಗುವಿನದೂ ಸವಾರಿ. ಇವೆಲ್ಲ ಸಂತೋಷದ ಅರ್ಥಗಳು.

ಸಂತೋಷವಲ್ಲದ್ದೂ ಒಂದಿದೆ. ‘ಅವನು ಎಲ್ಲರ ಮೇಲೂ ಸವಾರಿ ಮಾಡ್ತಾನೆ’ ಎನ್ನುತ್ತೇವೆ. ಕಚೇರಿಯಲ್ಲಿ ಮೇಲಿನವರು, ಮನೆಯಲ್ಲಿ ಬಲವಿದ್ದವರು, ಒಂದು ಭಾಷೆಯ ಮೇಲೆ ಇನ್ನೊಂದು ಭಾಷೆ ಸವಾರಿ ಮಾಡುತ್ತದೆ. ಇಲ್ಲಿ ಸವಾರಿ ಎಂದರೆ ಕೆಳಗಿರುವವರ ಮಾತು ನಡೆಯದಂತೆ ಮಾಡುವುದು. ದಾರಿಯಸ್ಸನ ಪದ ತಿರುಗುಮುರುಗಾದದ್ದು ಇಲ್ಲಿ. ಹೊರಲ್ಪಟ್ಟವನು ಎಂಬುದು ಹೊರಿಸುವವನು ಎಂದಾಯಿತು. ಈ ಅರ್ಥ ಅಷ್ಟು ಆಳವಾಗಿ ಬೇರೂರಿರುವುದರಿಂದಲೇ, ಕುದುರೆ ಸವಾರಿ ಎಂದರೆ ಕುದುರೆಯನ್ನು ಹೆದರಿಸಿ ಹತೋಟಿಯಲ್ಲಿಡುವ ವಿದ್ಯೆ ಎಂದು ತುಂಬ ಜನ ತಿಳಿದಿದ್ದಾರೆ. ಅದು ತಪ್ಪು ತಿಳಿವಳಿಕೆ. ಎಷ್ಟು ತಪ್ಪು ಎಂಬುದನ್ನು ಇವೆಂಟಿಂಗ್‌ಗಿಂತ ಚೆನ್ನಾಗಿ ತೋರಿಸುವ ಆಟ ನನಗೆ ಗೊತ್ತಿಲ್ಲ.

ಇವೆಂಟಿಂಗ್ ಹುಟ್ಟಿದ್ದು ಸೈನ್ಯದಲ್ಲಿ. ಯುದ್ಧದ ಕುದುರೆ ಮೆರವಣಿಗೆಯಲ್ಲಿ ಶಿಸ್ತಾಗಿ ನಿಲ್ಲಬೇಕು, ಹಳ್ಳದಿಣ್ಣೆ ದಾಟಿ ದೂರ ಓಡಬೇಕು, ಮರುದಿನ ಮತ್ತೆ ಕೆಲಸಕ್ಕೆ ಬರಬೇಕು. ಈ ಮೂರನ್ನೂ ಪರೀಕ್ಷಿಸಲು 1902ರಲ್ಲಿ ಪ್ಯಾರಿಸ್‌ನಲ್ಲಿ ಸೇನಾ ಕುದುರೆಗಳ ಚಾಂಪಿಯನ್‌ಷಿಪ್ ನಡೆಯಿತು. 1912ರಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೆ ಬಂತು. ಜರ್ಮನ್ನರು ಬಹುಕಾಲ ಈ ಆಟವನ್ನು ‘ಮಿಲಿಟರಿ’ ಎಂದೇ ಕರೆಯುತ್ತಿದ್ದರು. ಮೊದಮೊದಲು ಸೇನಾಧಿಕಾರಿಗಳಿಗೆ ಮಾತ್ರ ಪ್ರವೇಶ; ಹೆಂಗಸರಿಗಂತೂ 1964ರ ಟೋಕಿಯೊವರೆಗೂ ಇಲ್ಲ. ಆ ವರ್ಷ ಅಮೆರಿಕದ ಲಾನಾ ಡ್ಯೂಪಾಂಟ್ ಎರಡು ಸಲ ಬಿದ್ದೂ ಓಟ ಮುಗಿಸಿದರು, ತಂಡಕ್ಕೆ ಬೆಳ್ಳಿ ಬಂತು. ಅದೇ ಟೋಕಿಯೊದಲ್ಲಿ 2021ರಲ್ಲಿ ಜರ್ಮನಿಯ ಯೂಲಿಯಾ ಕ್ರಾಯೆವ್‌ಸ್ಕಿ ವೈಯಕ್ತಿಕ ಚಿನ್ನ ಗೆದ್ದ ಮೊದಲ ಮಹಿಳೆಯಾದರು.

ಡ್ರೆಸಾಜ್, ಕ್ರಾಸ್‌ಕಂಟ್ರಿ, ಜಂಪಿಂಗ್ ಎಂಬ ಮೂರು ಹಂತಗಳೂ ಒಂದೇ ಕುದುರೆ, ಒಬ್ಬರೇ ಸವಾರರದು. ಅಂಕ ಗಳಿಸುವ ಆಟವಲ್ಲ ಇದು, ದಂಡ ತಪ್ಪಿಸಿಕೊಳ್ಳುವ ಆಟ. ಕೊನೆಗೆ ಯಾರ ದಂಡ ಕಡಿಮೆಯೋ ಅವರು ಗೆದ್ದಂತೆ. ಜೀವ ಇರುವುದು ಕ್ರಾಸ್‌ಕಂಟ್ರಿಯಲ್ಲಿ. ಇಂಗ್ಲೆಂಡಿನ ಬ್ಯಾಡ್ಮಿಂಟನ್‌ನಲ್ಲಿ 1949ರಿಂದ ನಡೆಯುತ್ತಿರುವ ಸ್ಪರ್ಧೆಯೂ ಸೇರಿದಂತೆ ಐದು ತಾರಾ ಮಟ್ಟದಲ್ಲಿ ಕುದುರೆ ನಿಮಿಷಕ್ಕೆ 570 ಮೀಟರ್ ವೇಗ ಹಿಡಿಯಬೇಕು. ಗಂಟೆಗೆ 34 ಕಿಲೋಮೀಟರ್ ಆಯಿತು. ಆರು ಕಿಲೋಮೀಟರಿಗೂ ಹೆಚ್ಚು ದೂರ, ಏರು, ಇಳಿಜಾರು, ನೀರಿನ ಹೊಂಡ, ಕಂದಕ. ದಾರಿಯುದ್ದಕ್ಕೂ 1.20 ಮೀಟರ್‌ವರೆಗಿನ ಗಟ್ಟಿಯಾದ ಮರದ ಅಡೆತಡೆಗಳು. ಮೂರನೆಯ ಹಂತದ ಕಂಬಗಳಂತೆ ಇವು ತಾಗಿದರೆ ಬಿದ್ದುಹೋಗುವುದಿಲ್ಲ. ಕುದುರೆ ಒಮ್ಮೆ ನಿರಾಕರಿಸಿದರೆ 20 ದಂಡ, ತಡವಾದ ಪ್ರತಿ ಸೆಕೆಂಡಿಗೆ 0.4.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೊಂದು ನಿಯಮ. ಸವಾರರು ಹಿಂದಿನ ದಿನಗಳಲ್ಲಿ ಆ ದಾರಿಯನ್ನು ಕಾಲ್ನಡೆಯಲ್ಲಿ ಮತ್ತೆ ಮತ್ತೆ ನಡೆದು ನೋಡುತ್ತಾರೆ. ಯಾವ ತಿರುವಿನಲ್ಲಿ ಎಷ್ಟು ಹೆಜ್ಜೆ, ನೀರಿನಾಚೆ ನೆಲ ಎಷ್ಟು ಜಾರು, ಬೆಳಗ್ಗೆ ಬಿಸಿಲು ಯಾವ ಕಡೆಯಿಂದ ಕಣ್ಣಿಗೆ ಹೊಡೆಯುತ್ತದೆ, ಎಲ್ಲವನ್ನೂ ಮನಸ್ಸಿಗೆ ಇಳಿಸಿಕೊಳ್ಳುತ್ತಾರೆ. ಕುದುರೆಗೆ ಅದನ್ನು ತೋರಿಸುವಂತಿಲ್ಲ. ಪ್ರತಿ ಅಡೆತಡೆಯನ್ನೂ ಅದು ನಾಗಾಲೋಟದಲ್ಲೇ ಮೊದಲ ಬಾರಿಗೆ ಕಾಣುತ್ತದೆ. ದಿಬ್ಬದ ಅಂಚಿನಲ್ಲಿ ಮರದ ದಿಮ್ಮಿ ಇದೆ, ಆಚೆ ನೆಲ ಕಾಣುತ್ತಿಲ್ಲ. ಸುಮಾರು ಐನೂರು ಕಿಲೋ ತೂಗುವ ಪ್ರಾಣಿ ಆ ಕಾಣದ ಕಡೆಗೆ ಹಾರಬೇಕು. ಹೊಡೆದು ಬಡಿದು ಈ ಹಾರಾಟ ಮಾಡಿಸಲು ಆಗುವುದಿಲ್ಲ. ಬೇಡವೆಂದು ಕುದುರೆ ಗಕ್ಕನೆ ನಿಂತರೆ ಮೇಲಿರುವವರು ಮಾಡುವುದು ಏನೂ ಇಲ್ಲ. ಆಚೆ ನೆಲವಿದೆ ಎಂದು ಬೆನ್ನ ಮೇಲಿನವರ ಮೈ ಹೇಳುತ್ತದೆ, ಆ ಮಾತನ್ನು ಕುದುರೆ ನಂಬುತ್ತದೆ. ಹಿಂದೆಂದೂ ಆ ಮೈ ತನಗೆ ಸುಳ್ಳು ಹೇಳಿಲ್ಲ ಎಂಬ ಅನುಭವ ಅದಕ್ಕಿರಬೇಕು. ಆ ಅನುಭವ ಕಟ್ಟಲು ವರ್ಷಗಳು ಬೇಕು, ಕೆಡಿಸಲು ಒಂದು ಮಧ್ಯಾಹ್ನ ಸಾಕು. ದಾರಿಯ ತಿಳಿವಳಿಕೆಯ ಭಾರವನ್ನು ಮನುಷ್ಯ ಹೊರುತ್ತಾನೆ, ಮನುಷ್ಯನ ಭಾರವನ್ನು ಕುದುರೆ ಹೊರುತ್ತದೆ. ಅಸಬಾರ ಎಂಬ ಪದದ ಮೂಲ ಅರ್ಥ ಇಷ್ಟು ಬಿಚ್ಚಿ ಕಾಣುವ ಜಾಗ ಇನ್ನೊಂದಿಲ್ಲ.

ಆ ಭಾರ ಬರೀ ಮಾತಿನದ್ದಲ್ಲ. ದಶಕಗಳ ಕಾಲ ಈ ಆಟದ ವೇಗದ ಹಂತದಲ್ಲಿ ಸವಾರ ಮತ್ತು ಜೀನು ಸೇರಿ ಕನಿಷ್ಠ 75 ಕಿಲೋ ತೂಗಬೇಕೆಂಬ ನಿಯಮವಿತ್ತು. ಹಗುರ ಮೈಯವರ ಕುದುರೆ ಸೀಸದ ತುಂಡುಗಳನ್ನೂ ಹೊತ್ತು ಓಡಬೇಕಾಗಿತ್ತು. ಬಳಿಕ ಆ ನಿಯಮ ಹೋಯಿತು. ಕ್ರಾಸ್‌ಕಂಟ್ರಿಗೆ ಮೊದಲು ಇದ್ದ ಉದ್ದದ ರಸ್ತೆ ಓಟ ಮತ್ತು ಸ್ಟೀಪಲ್‌ಚೇಸ್‌ಗಳೂ 2004ರ ಅಥೆನ್ಸ್ ಹೊತ್ತಿಗೆ ಒಲಿಂಪಿಕ್ಸ್‌ನಿಂದ ಹೊರಬಿದ್ದವು. ದಣಿದ ಕುದುರೆಯನ್ನು ಒತ್ತಾಯಿಸಿ ಓಡಿಸುವುದು ಈಗ ಅಪರಾಧ; ತೀರ್ಪುಗಾರರು ನಡುವೆಯೇ ತಡೆದು ನಿಲ್ಲಿಸಬಹುದು. ಸ್ಪರ್ಧೆಗೆ ಮೊದಲು ಒಮ್ಮೆ, ಜಂಪಿಂಗ್‌ಗೆ ಮೊದಲು ಇನ್ನೊಮ್ಮೆ ಕುದುರೆಯನ್ನು ಕುಕ್ಕುಲೋಟದಲ್ಲಿ ಓಡಿಸಿ ನೋಡುತ್ತಾರೆ. ಕುಂಟಿದರೆ ಅಲ್ಲಿಗೆ ಮುಗಿಯಿತು. ಇಷ್ಟೆಲ್ಲ ಇದ್ದೂ ಟೋಕಿಯೊದಲ್ಲಿ ಸ್ವಿಟ್ಜರ್‌ಲೆಂಡಿನ ‘ಜೆಟ್ ಸೆಟ್’ ಎಂಬ ಕುದುರೆ ಓಟದ ನಡುವೆ ಅಸ್ಥಿರಜ್ಜು ಹರಿದು ಕುಂಟಿತು. ಅದಕ್ಕೆ ದಯಾಮರಣ ಕೊಡಬೇಕಾಯಿತು. ಈ ಆಟವನ್ನು ಪ್ರೀತಿಸುವವರು ಈ ಸಾವನ್ನು ಮರೆಮಾಚಬಾರದು. ಹೊರುವವರ ನೋವು ಲೆಕ್ಕಕ್ಕೆ ಬಂದಷ್ಟೂ ನಿಯಮ ಬದಲಾಗಿದೆ, ಇನ್ನೂ ಬದಲಾಗಬೇಕು.

ಭಾರತದಲ್ಲಿ ಇವೆಂಟಿಂಗ್ ಸೇನೆಯ ಮಡಿಲಲ್ಲೇ ಬೆಳೆಯಿತು. ಪದವೂ ಅಲ್ಲೇ ಉಳಿಯಿತು. ಅಶ್ವದಳದ ಅತಿ ಕೆಳಗಿನ ಸೈನಿಕನಿಗೆ ಬ್ರಿಟಿಷರ ಕಾಲದಿಂದಲೂ ‘ಸವಾರ’ ಎಂದೇ ಹೆಸರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದಾಗ ಜೋಧಪುರದವರು ಊರಿನತ್ತ ನುಗ್ಗಿದರೆ, ಮೈಸೂರು ಲ್ಯಾನ್ಸರ್ಸ್‌ನ ಸವಾರರು ಕಾರ್ಮೆಲ್ ಬೆಟ್ಟದ ಕಡಿದಾದ ಹಾದಿ ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಸ್ವಾತಂತ್ರ್ಯ ಬಂದ ಮೇಲೆ ಮೈಸೂರಿನದೂ ಸೇರಿ ಸಂಸ್ಥಾನಗಳ ಅಶ್ವಪಡೆಗಳನ್ನು ಒಗ್ಗೂಡಿಸಿ ಕಟ್ಟಿದ್ದೇ 61ನೇ ಕ್ಯಾವಲ್ರಿ. ಅದರ ದಫೇದಾರ ರಘುಬೀರ್ ಸಿಂಗ್ 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ‘ಶಹಜಾದಾ’ ಎಂಬ ಕುದುರೆಯೊಂದಿಗೆ ವೈಯಕ್ತಿಕ ಚಿನ್ನ ಗೆದ್ದರು. ತಂಡಕ್ಕೂ ಚಿನ್ನ ಬಂತು. ನಮ್ಮ ಜಿಲ್ಲಾಧಿಕಾರಿ ಕಚೇರಿಗಳಲ್ಲಿ ಬಾಗಿಲ ಬಳಿ ನಿಲ್ಲುವ ದಫೇದಾರರ ಹುದ್ದೆಯ ಹೆಸರು ಹಿಂದೆ ಅಶ್ವದಳದ್ದು ಎಂಬುದು ಬಹಳ ಮಂದಿಗೆ ನೆನಪಿಲ್ಲ. ಕುದುರೆ ಬಿಟ್ಟು ಟ್ಯಾಂಕ್ ಹಿಡಿದ ರೆಜಿಮೆಂಟುಗಳಲ್ಲೂ ಸಾಮಾನ್ಯ ಸೈನಿಕ ಇವತ್ತಿಗೂ ಸವಾರನೇ.

ರಘುಬೀರ್ ಸಿಂಗ್ ನಂತರ 36 ವರ್ಷ ಕಾದ ಮೇಲೆ ಇವೆಂಟಿಂಗ್‌ನಲ್ಲಿ ವೈಯಕ್ತಿಕ ಪದಕ ತಂದವರು ಸೈನಿಕರಲ್ಲ, ಬೆಂಗಳೂರಿನ ಪಶುವೈದ್ಯರ ಮಗ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಫವಾದ್ ಮಿರ್ಜಾ ವೈಯಕ್ತಿಕ ಬೆಳ್ಳಿ ಗೆದ್ದರು, ತಂಡಕ್ಕೂ ಬೆಳ್ಳಿ ಬಂತು. ಅವರನ್ನು ಹೊತ್ತದ್ದು ಸೆನ್ಯೋರ್ ಮೆಡಿಕಾಟ್ ಎಂಬ ಕುದುರೆ. ಟೋಕಿಯೊಗೆ ಅವರು ಮೊದಲು ‘ದಜಾರಾ 4’ ಎಂಬ ಕುದುರೆಯನ್ನು ಆರಿಸಿಕೊಂಡಿದ್ದರು. ಕೊನೆಗಳಿಗೆಯಲ್ಲಿ ಮೆಡಿಕಾಟ್‌ನತ್ತ ತಿರುಗಿದರು. ಒಲಿಂಪಿಕ್ಸ್‌ಗೆ ಅರ್ಹತೆ ಸಿಗುವುದು ಮನುಷ್ಯನೊಬ್ಬನಿಗೇ ಅಲ್ಲ, ಸವಾರ ಮತ್ತು ಕುದುರೆ ಜೋಡಿಯಾಗಿ ನಿಗದಿತ ಮಟ್ಟ ಮುಟ್ಟಿರಬೇಕು. ಡ್ರೆಸಾಜ್‌ನಲ್ಲಿ ಈ ಜೋಡಿಗೆ ಬಿದ್ದದ್ದು 28 ದಂಡ, ಒಂಬತ್ತನೆಯ ಸ್ಥಾನ. ಆಗಸ್ಟ್ 1ರಂದು ಸಮುದ್ರ ತುಂಬಿಸಿ ಮಾಡಿದ ಸೀ ಫಾರೆಸ್ಟ್ ದ್ವೀಪದಲ್ಲಿ ಕ್ರಾಸ್‌ಕಂಟ್ರಿ. ಒಂದು ಅಡೆತಡೆಯನ್ನೂ ಮೆಡಿಕಾಟ್ ನಿರಾಕರಿಸಲಿಲ್ಲ. ಗಡಿಯಾರ ಮಾತ್ರ 28 ಸೆಕೆಂಡು ಮುಂದೆ ಹೋಗಿತ್ತು, 11.20 ದಂಡ ಬಿತ್ತು. ಜಂಪಿಂಗ್ ದಾಟಿ ಕೊನೆಯ 25 ಜೋಡಿಗಳ ಸುತ್ತಿಗೆ ಬಂದು, ಒಟ್ಟು 59.60 ದಂಡದೊಂದಿಗೆ 23ನೆಯ ಸ್ಥಾನದಲ್ಲಿ ಮುಗಿಸಿದರು.

ನಮ್ಮ ಬಹುತೇಕ ಸುದ್ದಿಗಳಲ್ಲಿ ಮಿರ್ಜಾ ಅವರ ಹೆಸರು ಶೀರ್ಷಿಕೆಗೆ ಬಂತು, ಕುದುರೆಯದು ಎಲ್ಲೋ ಒಳಗೆ ಸೇರಿಹೋಯಿತು. ಕನ್ನಡಿಗರಿಗೆ ಇದು ಹೊಂದುವುದಿಲ್ಲ. ಜಂಬೂ ಸವಾರಿಯಲ್ಲಿ 750 ಕಿಲೋ ಅಂಬಾರಿ ಹೊತ್ತವರನ್ನು ನಾವು ‘ಆನೆ’ ಎಂದಷ್ಟೇ ಕರೆದು ಸುಮ್ಮನಾಗಲಿಲ್ಲ. ದ್ರೋಣ, ಬಲರಾಮ, ಅರ್ಜುನ, ಅಭಿಮನ್ಯು ಎಂದು ಹೆಸರು ಹಿಡಿದು ಹೇಳುತ್ತೇವೆ. ಮಕ್ಕಳಿಗೂ ಆ ಹೆಸರುಗಳು ಗೊತ್ತು. ಹೊತ್ತವರನ್ನು ಹೆಸರಿಸುವ ರೂಢಿ ನಮ್ಮಲ್ಲಿ ಹೊಸದಲ್ಲ. ಆದ್ದರಿಂದ ಕ್ರೀಡಾವರದಿ ಬರೆಯುವವರಲ್ಲಿ ನನ್ನದೊಂದು ಕೇಳಿಕೆ: ಅಶ್ವಾರೋಹಿಗಿಂತ ‘ಸವಾರ’ ಎಂದೇ ಬರೆಯಿರಿ, ಮತ್ತು ಪ್ರತಿ ಸಲವೂ ಸವಾರರ ಹೆಸರಿನ ಪಕ್ಕದಲ್ಲೇ, ಅದೇ ಸಾಲಿನಲ್ಲಿ, ಕುದುರೆಯ ಹೆಸರನ್ನೂ ಅಚ್ಚು ಹಾಕಿ.